ಏಳೂವರೆಯ ಹಾಜರಿ

ದಿನವಿಡೀ ಬೇರೆಯವರ ಎಲುಬು ನೋಡಿ
ಮಿಷನ್ ಆಸ್ಪತ್ರೆಯ ಕತ್ತಲ ಕೋಣೆಯಿಂದ ಬಂದು
ಪೆನ್ಷನ್ ಮೊಹಲ್ಲದ ಮಹಡಿ ಹತ್ತಿ
ಸೀರೆ ಬದಲಿಸುವ ಮೊದಲೇ ಸೆಟ್ಟು ಹಚ್ಚುತ್ತಿದ್ದೆ.
ಏಳೂವರೆಗೆ ಹಾಜರಿ.
ಅರಸೀಕೆರೆಯಿಂದ ಪುಟ್ಟಸ್ವಾಮಾಚಾರರು ಒಬ್ಬೊಬ್ಬರನ್ನೇ ಕೂಗುವರು,
ಆಲೂರಿನ ಕಂಡಕ್ಟರ್ ಯೂಸುಫ್ ಸಾಹೇಬರು
ಮೊದಲು ಕೆಮ್ಮಿ, ಆಮೇಲೆ "ಇದ್ದೀನಿ" ಅನ್ನುವರು,
ಸಕಲೇಶಪುರದ ಬೆಳ್ಯಪ್ಪನ ಹಿಂದೆ ಸದಾ ಒಂದು ಕುಕ್ಕರಿನ ಸೀಟಿ.
ಮಾತಾದರೂ ಏನು?
ತಂತಿ ಎಷ್ಟು ಮಾರು, ನಿನ್ನೆ ರಾತ್ರಿ ಯಾವ ದೇಶದವನು ಸಿಕ್ಕಿದ,
ಈ ಸಲದ ಬೆಸುಗೆ ಏಕೆ ಹಿಡಿಯುತ್ತಿಲ್ಲ.
ಹ್ಯಾಮ್ ರೇಡಿಯೊ ಎಂದರೆ ನನ್ನ ಅತ್ತಿಗೆಗೆ
ಅದೊಂದು ಬಗೆಯ ಕಾಯಿಲೆ.

ಹೆಸರು ಸರಿಯಾಗಿ ಕೇಳದಿದ್ದರೆ
ನಮ್ಮದೇ ಕಾಗುಣಿತವೊಂದಿತ್ತು, ಹೂವಿನದು:
ಜ, ಜಾಜಿ. ಸ, ಸಂಪಿಗೆ. ತ, ತಾವರೆ.
ಜಸಿಂತಾ ಎಂಬ ನಾನು ಗಾಳಿಯಲ್ಲಿ ಹೀಗೆ
ಪೋಣಿಸಿಕೊಂಡು ಹೋಗುತ್ತಿದ್ದೆ.
ದುದ್ದದಿಂದ ಹೊಸ ಹುಡುಗ ಬಂದ:
ಮ, ಮಲ್ಲಿಗೆ. ದ, ದವನ. ನ, ನಂದಿಬಟ್ಟಲು.
ಕೈಯಾರೆ ಕಟ್ಟಿದ ಸೆಟ್ಟು; ಮಾತಿನ ಅಡಿಯಲ್ಲಿ
ಡಬ್ಬಿಗೆ ಸಿಕ್ಕ ಜೇನುಹುಳದಂತೆ ಗುಂಯ್.

ಶುರುವಾದದ್ದು ಬ್ಯಾಟರಿಯಿಂದ.
ಸೀಗೆಗುಡ್ಡಕ್ಕೆ ಕಂಬ ಹೊತ್ತವರು ನಾವೇ,
ಒಂದೇ ಬುತ್ತಿಯ ಚಿತ್ರಾನ್ನ ತಿಂದು ಇಳಿದವರು.
ಎರಡು ವರ್ಷಕ್ಕೆ ಬ್ಯಾಟರಿ ಸತ್ತಿತು,
ಎರಡು ಸಾವಿರದ ಮುನ್ನೂರು ರೂಪಾಯಿಗೆ ಲೆಕ್ಕ ಸಿಗಲಿಲ್ಲ.
ಮೊದಲು ಲೆಕ್ಕ ಕೇಳಿದರು,
ಆಮೇಲೆ ಕೇಳಿದವರ ಲೆಕ್ಕ ತೆಗೆದರು:
ಹಳಬರು ಯಾರು, ಯಾರದು ನಿಜವಾದ ಪರೀಕ್ಷೆ,
ಯಾರು ಯಾರ ಪಕ್ಕ ಕೂತು ಪಾಸಾದದ್ದು.

ಬೈಗುಳ ಬೇಕಿಲ್ಲ ಇಲ್ಲಿ. ಒಬ್ಬರು ಮಾತಾಡುವಾಗ
ಇನ್ನೊಬ್ಬ ಸುಮ್ಮನೆ ಗುಂಡಿ ಒತ್ತಿ ಹಿಡಿದರೆ ಸಾಕು,
ಆ ಮಾತಿನ ಮೇಲೆ ಮಣ್ಣೆಳೆದ ಹಾಗೆ.
ಯಾರು ಒತ್ತಿದರೆಂದು ಯಾರಿಗೂ ತಿಳಿಯದು.
ಒಮ್ಮೊಮ್ಮೆ ಆ ಮೌನದ ಹಿಂದೆ
ಸಣ್ಣಗೆ ಒಂದು ಕುಕ್ಕರು ಕೂಗುತ್ತಿತ್ತು.

ಒಂದು ಸಂಜೆ ಹುಡುಗನ ಸರದಿ ಬಂದಾಗ
ಯಾರದೋ ದನಿ ಅವನ ಹೆಸರನ್ನು ಬಿಡಿಸಿತು:
ಮ, ಮಂಕ. ದ, ದಂಡಪಿಂಡ. ನ, ನಾಲಾಯಕ್ಕು.
ನಗೆ. ಒಂದಲ್ಲ, ಐದಾರು.
ನಾನೂ ನಕ್ಕೆ.
ಗುಂಡಿ ಒತ್ತಿರಲಿಲ್ಲ, ಯಾರಿಗೂ ಕೇಳಿಲ್ಲ,
ಆದರೂ ಮಹಡಿಯ ಕೋಣೆಯಲ್ಲಿ ಒಬ್ಬಳೇ ನಕ್ಕಿದ್ದೆ,
ಎಷ್ಟು ಚೆನ್ನಾಗಿ ಜೋಡಿಸಿದರಲ್ಲ ಎಂದು.
ಗುಂಯ್ ಎನ್ನುವುದು ಎರಡು ಕ್ಷಣ ಉಳಿದು
ನಿಂತಿತು.
ನಾಳೆ ಬರುತ್ತಾನೆ ಅಂದುಕೊಂಡೆ.
ನಾಡಿದ್ದು ಅವನ ಜಾಗ ದಾಟಿ ಮುಂದಿನ ಹೆಸರು ಕೂಗಿದರು.

ವಾರ ಬಿಟ್ಟು ವಿದಾಯ ಹೇಳಿದೆ.
ಆಸ್ಪತ್ರೆಯ ಚೀಟಿಯ ಹಿಂದೆ ಬರೆದುಕೊಂಡು, ಓದಿ ಹೇಳಿದೆ.
ಯಾರೋ ಗುಂಡಿ ಒತ್ತಿದ್ದರು.
ಮಾರನೆಯ ದಿನ ಏಳೂವರೆಗೆ ಆಚಾರರು ಕೂಗಿದರು,
"ಜಾಜಿ, ಸಂಪಿಗೆ, ತಾವರೆ?"
ಮೂರು ಸಲ. ಮೂರನೆಯದು ಮೆಲ್ಲಗೆ,
ಮನೆಯೊಳಗಿನವರನ್ನು ಕರೆಯುವ ಹಾಗೆ.
ಬೆರಳು ಗುಂಡಿಯ ಮೇಲೇ ಇತ್ತು.
ಇದ್ದೀನಿ ಅಂದಿದ್ದರೆ ಇದ್ದುಬಿಡುತ್ತಿದ್ದೆ.

ಈಗ ತಾಮ್ರದ ತಂತಿಯ ಮೇಲೆ ಬಟ್ಟೆ ಒಣಗುತ್ತವೆ.
ಬಿಳಿ ಕೋಟಿಗೆ ಹಸಿರು ಕಿಲುಬಿನ ಒಂದು ಗೆರೆ,
ಯಾವ ಸೋಪಿಗೂ ಹೋಗದ್ದು.
ಏಳೂವರೆಗೆ ಅತ್ತಿಗೆಯ ಜೊತೆ ಅವರೆಕಾಯಿ ಸುಲಿಯುತ್ತೇನೆ.
"ಕಾಯಿಲೆ ವಾಸಿ ಆಯ್ತಲ್ಲ" ಅನ್ನುತ್ತಾಳೆ.
ಕೈಗೆ ಕೆಲಸವಿದೆ, ಕಿವಿಗೆ ಇಲ್ಲ.

ಮದನನ ಮುಖ ನಾನು ಕಂಡಿಲ್ಲ.
ದುದ್ದದ ಕಡೆಯ ಹುಡುಗರು ಬೈಕಿನಿಂದ ಬಿದ್ದು ಬಂದರೆ
ಚೀಟಿಯಲ್ಲಿ ಬರೆದಿದ್ದರೂ ಹೆಸರು ಬಾಯಲ್ಲಿ ಕೇಳುತ್ತೇನೆ.
ಬೇರೆ ಯಾರೋ.
ತಟ್ಟೆಗೆ ಎದೆಯಾನಿಸಿ ನಿಲ್ಲಿಸುತ್ತೇನೆ,
ಗೋಡೆಯ ಹಿಂದೆ ಹೋಗಿ ಗುಂಡಿಯ ಮೇಲೆ ಬೆರಳಿಟ್ಟು
ದಿನಕ್ಕೆ ನಲವತ್ತು ಸಲ ಹೇಳುವುದನ್ನೇ ಹೇಳುತ್ತೇನೆ:
ಉಸಿರು ಎಳ್ಕೊಳ್ಳಿ.
ಹಿಡ್ಕೊಳ್ಳಿ. ಅಲ್ಲಾಡಬೇಡಿ.
ಹಾಂ, ಬಿಡಿ.