ಸತ್ತಂತೆ

ಸ್ಟ್ರಾಬೆರಿ ಮಡಿಗೆ ಹಕ್ಕಿ ಬಾರದಿರಲೆಂದು
ನಾನೇ ಹೊದಿಸಿದ ಬಲೆ. ಹಸಿರು ನೈಲಾನು.
ಹಕ್ಕಿಗಳು ಬಂದವು, ತಿಂದವು, ಹೋದವು.
ಸಿಕ್ಕಿದ್ದು ಇವಳು.

ಹೆಣ್ಣೇ ಇರಬೇಕು, ಈ ದಪ್ಪಕ್ಕೆ, ಜೂನ್ ತಿಂಗಳಿಗೆ.
ತಲೆಯ ಹಿಂದೆ ಎರಡು ಹಳದಿ ಚಂದ್ರ.
ವಿಷವಿಲ್ಲ, ಗೊತ್ತು. ಆದರೂ ಮೊದಲ ಸಲ
ಕೈ ಚಾಚಿ ಹಿಂದೆಗೆದೆ.

ನಮ್ಮ ಊರಲ್ಲಿ ನೆಮುನಾಸ್ ನದಿ ಎರಡಾಗುತ್ತದೆ,
ವಸಂತದಲ್ಲಿ ರಸ್ತೆಯ ಮೇಲೇ ಹರಿಯುತ್ತದೆ.
ನೀರು ಇಳಿದ ಮೇಲೆ ಮೆಟ್ಟಿಲಲ್ಲಿ, ಸೌದೆಯಡಿಯಲ್ಲಿ,
ಒಮ್ಮೆ ವೈದೋತಾಸನ ಬೂಟಿನಲ್ಲಿ
ಇವರು ಬಿಸಿಲು ಕಾಯಿಸುವುದು ಹೊಸತಲ್ಲ.
ಹೊಸತೆಂದರೆ, ಆರು ಕಡೆ ಸುತ್ತಿದ ದಾರ,
ಎಳೆದಷ್ಟೂ ಬಿಗಿ,
ನಡುವಲ್ಲಿ ತೊಗಲು ಬಾಯಿಬಿಟ್ಟಿದೆ
ಹೊಲಿಗೆ ಜಾರಿದ ಜೇಬಿನ ಹಾಗೆ.

ಶಿಲೂತೆಯ ದನದ ಡಾಕ್ಟರಿಗೆ ಫೋನು ಮಾಡಿದೆ.
'ಹಾವೇ?' ಎಂದರು. ಆಮೇಲೆ ತುಸು ಹೊತ್ತು ಬರೀ ಉಸಿರು.
'ದಾರ ಕತ್ತರಿಸಿ. ಎಳೆಯಬೇಡಿ.
ನೀರಲ್ಲಿ ತೊಳೆದು ನೆರಳಲ್ಲಿಡಿ.
ಮಿಕ್ಕಿದ್ದು ಅದಕ್ಕೇ ಗೊತ್ತು.'

ಬೇಲಿಯಾಚೆಯಿಂದ ಅಪೊಲೋನಿಯಾ ಅಜ್ಜಿ
ಬಸಿಯಲ್ಲಿ ಹಾಲು ಹಿಡಿದು ಬಂದಳು.
'ಜೋಪಾನ ಕಣೇ. ಇವಳನ್ನು ಸಾಯಬಿಟ್ಟರೆ
ಸೂರ್ಯ ಅಳುತ್ತಾಳೆ.'
(ನಮ್ಮಲ್ಲಿ ಸೂರ್ಯ ಹೆಣ್ಣು.)
ಹಾವು ಹಾಲು ಕುಡಿಯುವುದಿಲ್ಲ ಅಜ್ಜೀ, ಎಂದೆ.
'ಕುಡಿಯಲಿ ಬಿಡಲಿ, ಇಡುವುದು ನಮ್ಮ ಕೆಲಸ.'

ಒಳಗೆ ಮೇಜಿನ ಮೇಲೆ
ಶನಿವಾರಕ್ಕೆ ಕೊಡಬೇಕಾದ ಮದುವೆಯ ಲಂಗ, ಅಂಚು ಬಿಚ್ಚಿ ಬಿದ್ದಿತ್ತು.
ಅದರ ಪಕ್ಕ ನನ್ನ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ.
ಇಪ್ಪತ್ತೆರಡು ವರ್ಷ ಬಟ್ಟೆಗೆ ನೋವಾಗದಂತೆ
ದಾರ ಮಾತ್ರ ಕಡಿದ ಕೊಕ್ಕೆ.

ಒಂದು. ಎರಡು. ಬುಸ್ಸೆಂದಳು.
ಮೂರನೆಯದಕ್ಕೆ
ಕೊಳೆತ ಬೆಳ್ಳುಳ್ಳಿಯಂಥ ಏನನ್ನೋ
ನನ್ನ ಮಣಿಕಟ್ಟಿನ ಮೇಲೆ ಸುರಿದಳು.
ನಾಲ್ಕನೆಯದಕ್ಕೆ ಮಗುಚಿಬಿದ್ದಳು.
ಬಾಯಿ ತೆರೆದು, ನಾಲಗೆ ಜೋತು,
ಮೂಲೆಯಲ್ಲೊಂದು ಹನಿ ರಕ್ತ.

ಅಜ್ಜಿ ಬಸಿ ಕೆಳಗಿಟ್ಟು ತಲೆವಸ್ತ್ರ ಸರಿಮಾಡಿಕೊಂಡಳು.
ಮೊಮ್ಮಗಳು ರುಗಿಲೆ ಯಾರೂ ಹೇಳದೆಯೇ
ಚಪ್ಪಲಿ ಡಬ್ಬಿ ತರಲು ಓಡಿದಳು.

ಅಲ್ಲಿಗೆ ಬಿಡಬಹುದಿತ್ತು.
ಕೈ ನಾರುತ್ತಿತ್ತು, ಲಂಗ ಕಾಯುತ್ತಿತ್ತು.
ಆದರೆ ಇನ್ನೂ ಎರಡು ಸುತ್ತು ಉಳಿದಿತ್ತು,
ಬಲೆಯ ಸಮೇತ ಹೂಳುವುದೇ, ನಾನು ಕಟ್ಟಿದ್ದನ್ನು?
ಸತ್ತವಳ ಮೈಯಿಂದ
ಬದುಕಿದವಳಿಗಿಂತ ನಿಧಾನ
ಐದು ಬಿಡಿಸಿದೆ. ಆರು ಬಿಡಿಸಿದೆ.
ಕೊಕ್ಕೆಯ ತುದಿಗೆ ಒಂದು ಹುರುಪೆ ಅಂಟಿ ಬಂತು.
ಗಾಯಕ್ಕೆ ನೀರು ಹನಿಸಿದೆ. ಯಾಕೆ ಹನಿಸಿದೆನೋ.

ಡಬ್ಬಿಯಲ್ಲಿ ಹುಲ್ಲು ಹಾಸಿ, ಕಾಲುವೆಯ ಪಕ್ಕ ಇಟ್ಟು
ಗುದ್ದಲಿಗೆ ಹೋದೆ. ರುಗಿಲೆ ಹೂವಿಗೆ ಹೋದಳು.
ಬಂದಾಗ
ಹುಲ್ಲಿನಲ್ಲಿ ಒದ್ದೆ ಗೆರೆ, ಅಷ್ಟೇ.

'ಸುಳ್ಳು ಸಾವು!' ರುಗಿಲೆ ಚಪ್ಪಾಳೆ ತಟ್ಟಿದಳು.
ಅಜ್ಜಿ ನಂಬಲಿಲ್ಲ; ಎದ್ದು ಬಂದಳೆನ್ನುತ್ತಾಳೆ ಈಗಲೂ.
ಆ ಗಾಯ ಆರಿತೋ ಕೀವಾಯಿತೋ ನನಗೆ ತಿಳಿಯದು.
ಕಾಲುವೆಯ ಜೊಂಡು ಏನೂ ಹೇಳುವುದಿಲ್ಲ.

ಹಾಲನ್ನು ರಾತ್ರಿ ಮುಳ್ಳುಹಂದಿ ಕುಡಿಯಿತು.
ಬಲೆ ಮಡಚಿ ಕಸಕ್ಕೆ ಹಾಕಿದೆ.

ಶನಿವಾರ ಮದುಮಗಳು ಕನ್ನಡಿಯೆದುರು ಒಮ್ಮೆ ತಿರುಗಿ,
ಅಂಚನ್ನು ಮೂಗಿನ ಬಳಿ ಹಿಡಿದು, ಕೇಳಿದಳು:
'ಬೆಳ್ಳುಳ್ಳಿಯಾ?'
ಅಡುಗೆ ಮಾಡುತ್ತಿದ್ದೆ, ಎಂದೆ.
ಅವಳು ಹೋದ ಮೇಲೆ
ಹೆಬ್ಬೆರಳು ಮೂಸಿದೆ.