ಐದನೇ ರೀಲು

ಉಣ್ಣೆ ಕತ್ತರಿಸುವ ಕೊಟ್ಟಿಗೆಯ ಗೋಡೆಗೆ
ಎರಡು ದುಪ್ಪಟಿ ಜೋಡಿಸಿ ಹೊಲಿದು ಕಟ್ಟಿದ್ದೆವು.
ನಡುವಿನ ಹೊಲಿಗೆ ಸರಿಯಾಗಿ
ದಣಿಯ ಮೂಗಿನ ಮೇಲೇ ಬರುತ್ತಿತ್ತು.
ಹೊರಗೆ ಪಟಗೋನಿಯಾದ ಗಾಳಿ
ತಗಡಿನ ಮಾಡು ಹಿಡಿದು ಅಲ್ಲಾಡಿಸುತ್ತಿತ್ತು,
ಟಿಕೆಟ್ಟಿಲ್ಲದ ಹುಡುಗನ ಹಾಗೆ.

ಪ್ರೊಜೆಕ್ಟರು ಹೊತ್ತು ತಿರುಗುವುದು ನನ್ನ ಕಸುಬು.
ಕುರಿಸೀಮೆಯಿಂದ ಕುರಿಸೀಮೆಗೆ; ಒಂದೊಂದೂ ಎಷ್ಟು ದೊಡ್ಡದೆಂದರೆ
ಬೇಲಿ ಮುಗಿಯುವ ಮುಂಚೆ ಕುದುರೆ ಮುದಿಯಾಗುತ್ತದೆ.
ಇದು ಹದಿನೇಳನೆಯದು. ಚಿತ್ರ ಅದೇ.
ಬಾಡಿಗೆ: ಒಂದು ತೊಡೆ ಮಾಂಸ, ಜನರೇಟರಿಗೆ ಡೀಸೆಲ್ಲು.

ಚಿತ್ರದ ದಣಿ ಡಾನ್ ಎವಾರಿಸ್ಟೊ.
ಹಿಮದಲ್ಲಿ ಏಳು ಕುರಿ ಕಳೆದ ಹುಡುಗನನ್ನು
ನಾಯಿಗಳ ಜೊತೆ ಮಲಗಿಸುತ್ತಾನೆ.
ಹೆಂಡತಿಯ ಹೆರಿಗೆಗೆ ಹೋದವನ ತಿಂಗಳ ಕೂಲಿ ಮುರಿಯುತ್ತಾನೆ.
ಮುದಿ ಕುದುರೆಯನ್ನು ಅದರ ಸವಾರನೆದುರೇ ಸುಟ್ಟು
ಗುಂಡಿನ ಬೆಲೆಯನ್ನು ಸವಾರನ ಲೆಕ್ಕಕ್ಕೆ ಬರೆಯುತ್ತಾನೆ.

ಕೂಗು ಏಳುತ್ತದೆ ಅಂದುಕೊಂಡೆ. ಇಲ್ಲ.
ಸೋರೆಬುರುಡೆಯ ಕಷಾಯ ಹೀರುತ್ತಿದ್ದ ರೆಮಿಹಿಯೊ
'ಗುಂಡಿಗೆ ಎಷ್ಟು ಹಿಡಿದ?' ಎಂದು ಕೇಳಿದ.
ಯಾರೋ ಹೇಳಿದರು.
'ಅಗ್ಗ. ನಮ್ಮಲ್ಲಿ ಇನ್ನೂ ಜಾಸ್ತಿ.'
ನಗು. ಆಮೇಲೆ, ನಕ್ಕದ್ದಕ್ಕೆ ಒಂದು ಮೌನ.
ಬಾಗಿಲ ಹತ್ತಿರ ನಿಂತೇ ನೋಡುತ್ತಿದ್ದ ಇಲ್ಲಿಯ ಮೇಸ್ತ್ರಿ,
ಬಾಲ್ಡೊಮೆರೊ ಒಯಾರ್ಸೊ.
ಯಾರೂ ಅವನತ್ತ ತಿರುಗಲಿಲ್ಲ.
ತಿರುಗದೇ ಇರುವುದನ್ನೂ ಬೆನ್ನು ಮಾಡಿ ತೋರಿಸಬಹುದು.

ನಾಲ್ಕನೇ ರೀಲಿನಲ್ಲಿ ದಣಿ ಕುದುರೆ ಹತ್ತಿ
ಗೇಟು ದಾಟಿ ಹೋಗುತ್ತಾನೆ.
ಗೇಟು ಹಾಗೇ ತೆರೆದಿದೆ.
ಇಡೀ ಕೊಟ್ಟಿಗೆ ಎದ್ದು ನಿಂತಿತು.
'ಗೇಟೋ! ಗೇಟು ಹಾಕೋ, ಹೇಸಿಗೆಯವನೇ!'
ಅಡುಗೆಯ ಎಡೆಲ್ಮಿರಾ ಎಸೆದ ಆಲೂಗಡ್ಡೆ
ದುಪ್ಪಟಿಗೆ ಬಡಿದು
ದಣಿಯ ಎದೆ ಸ್ವಲ್ಪ ಹೊತ್ತು ಅಲೆಯಾಯಿತು.
ಅವನು ಮಾತ್ರ ಸವಾರಿ ನಿಲ್ಲಿಸಲಿಲ್ಲ.

'ಅದಲ್ಲ ವಿಷಯ,' ಅಂದಳು ಅವಳೇ ಆಮೇಲೆ, ಉಸಿರು ತಿರುಗಿಸಿಕೊಂಡು.
'ಮೂರು ಸಲ ಊಟಕ್ಕೆ ಕೂತ. ಒಂದು ಸಲವೂ ಉಪ್ಪು ಕೇಳಲಿಲ್ಲ.
ಕೇಳಿದರೆ ಋಣ ಹತ್ತೀತೆಂದು ಹೆದರುತ್ತಾನೆ, ಪುಕ್ಕಲ.'
ಚಿಲೊಯೆ ದ್ವೀಪದ ಲಿಸಾಂದ್ರೊಗೆ ಬೇರೆಯೇ ತಕರಾರು:
'ಹೊಡೆಯುವವನ ಕೈ ಅಷ್ಟು ಬೆಳ್ಳಗಿರುತ್ತದೇನು?'

ಐದನೇ ರೀಲು ಡಬ್ಬಿಯಲ್ಲಿತ್ತು.
ಅದರಲ್ಲಿ ದಣಿ ನಡುರಾತ್ರಿ ಲಾಯದಲ್ಲಿ ಕೂತು
ಸತ್ತ ಕುದುರೆಯ ಕಡಿವಾಣ ತೊಡೆಯ ಮೇಲಿಟ್ಟುಕೊಂಡು
ಹನ್ನೊಂದು ನಿಮಿಷ ಅಳುತ್ತಾನೆ. ಪಿಟೀಲಿದೆ.
ಹೋದಲ್ಲೆಲ್ಲ ಆ ಹೊತ್ತಿಗೆ ಯಾರಾದರೂ 'ಪಾಪ' ಅನ್ನುತ್ತಾರೆ.
ಆ ಒಂದು ಪಾಪಕ್ಕೆ
ಏಳು ಕುರಿ, ತಿಂಗಳ ಕೂಲಿ, ಗುಂಡಿನ ದುಡ್ಡು
ಎಲ್ಲ ಚುಕ್ತಾ.

ನಾನು ನ್ಯಾಯಾಧೀಶನಲ್ಲ. ಬಲ್ಬು, ಬೆಲ್ಟು, ವೇಗ,
ಇಷ್ಟೇ ನನ್ನ ಕೆಲಸ.
ನಮ್ಮಪ್ಪನೂ ಮೇಸ್ತ್ರಿಯಾಗಿದ್ದ, ಸೊಂಟದಲ್ಲಿ ಬೀಗದ ಕೈ ಗೊಂಚಲು.
ಅವನು ಎಲ್ಲಾದರೂ ಅತ್ತಿದ್ದರೆ
ಅಲ್ಲಿಗೆ ಯಾರೂ ಲೈಟು ತಂದಿರಲಿಲ್ಲ.
ಡಬ್ಬಿಯ ಮೇಲೆ ಹೋದ ಕೈ ವಾಪಸು ಬಂತು.
'ರೀಲು ಹರಿದಿದೆ,' ಅಂದೆ. 'ಕತೆ ಇಷ್ಟೇ.'

ಜನ ಹೋದ ಮೇಲೆ ಸಾಮಾನು ಹೊರಲು ಬಂದವನು ಒಯಾರ್ಸೊ.
ಡಬ್ಬಿ ಎತ್ತಿ, ತೂಗಿ ನೋಡಿದ.
'ತುಂಬಿದೆಯಲ್ಲ. ಏನಿದೆ ಇದರಲ್ಲಿ?'
'ಅಳು.'
'ಗುಂಡಿನ ದುಡ್ಡು ವಾಪಸು ಕೊಡುತ್ತಾನಾ?'
'ಇಲ್ಲ.'
ಹಗ್ಗ ಬಿಗಿದ. ಗಂಟನ್ನು ಎರಡು ಸಲ ಎಳೆದು ನೋಡಿದ.
'ಹಾಗಾದರೆ ಹರಿದದ್ದೇ ಸರಿ.'

ಲಾರಿಯ ಕನ್ನಡಿಯಲ್ಲಿ ಅವನ ಲಾಟೀನು ಕಂಡಿತು.
ಗೇಟು ಹಾಕಿದ, ನಾಲ್ಕು ಹೆಜ್ಜೆ ಹೋದ,
ತಿರುಗಿ ಬಂದು ಚಿಲಕ ಮುಟ್ಟಿ ನೋಡಿದ.

ನಾಳೆ ಹದಿನೆಂಟನೆಯದು.
ದುಪ್ಪಟಿಯ ಮೇಲೆ ಆಲೂಗಡ್ಡೆಯ ಮಣ್ಣು
ಇನ್ನೂ ಕೊಡವಿಲ್ಲ.