ಪತಿ-ಪತ್ನಿ ಪ್ರಕರಣ

ನೀರಾವರಿ ಕಚೇರಿಯಲ್ಲಿ ನನಗೆ
ಹನ್ನೊಂದು ವರ್ಷದಿಂದ ಒಂದೇ ಪ್ರಶ್ನೆ:
'ಮೇಡಂ, ಬೀಗರೂಟ ಯಾವಾಗ?'

ಮೊದಮೊದಲು ನಗುತ್ತಿದ್ದೆ.
ಆಮೇಲೆ, 'ಮಳೆ ಬರಲಿ, ಕಟ್ಟೆ ತುಂಬಲಿ' ಅಂದೆ.
ಕಟ್ಟೆ ತುಂಬಿತು.
ನೂರ ಇಪ್ಪತ್ತನಾಲ್ಕು ಮುಟ್ಟಿದ ದಿನ
ಲೆಡ್ಜರಿನಲ್ಲಿ ನಾನೇ ಬರೆದೆ, ಕೆಂಪು ಶಾಯಿಯಲ್ಲಿ.
ಜವರೇಗೌಡರು ಕನ್ನಡಕ ಮೂಗಿಗೆ ಜಾರಿಸಿ
'ತುಂಬ್ತಲ್ಲಾ, ಇನ್ನೇನು?' ಅಂದರು.

ಇಲ್ಲದ ಗಂಡಸರನ್ನು ಅವರೇ ಹುಟ್ಟಿಸಿಕೊಟ್ಟರು:
ಡಿಪ್ಲೊಮಾ ಓದುವಾಗ ಕೈಕೊಟ್ಟವನೊಬ್ಬ,
ಜಾತಿ ಕೂಡದೆ ಬಿಟ್ಟುಹೋದವನೊಬ್ಬ,
ಎರಡು ಸಲ ಬೈಕಿನಲ್ಲಿ ಹುಲಿಕೆರೆ ಸುರಂಗದವರೆಗೆ
ಬಿಟ್ಟುಬಂದದ್ದಕ್ಕೆ, ಸರ್ವೆಯರ್ ಚೆಲುವರಾಜು.
ನಾನು ಇಲ್ಲ ಅನ್ನಲಿಲ್ಲ.
ಇಲ್ಲ ಅಂದರೆ ಮತ್ಯಾರು ಅನ್ನುತ್ತಾರೆ.
ಒಂದು ವರ್ಷ ಆ ಸುಳ್ಳಿನ ನೆರಳಲ್ಲಿ
ತಣ್ಣಗೆ ಕೂತು ಡಬ್ಬಿ ಬಿಚ್ಚಿದೆ.
ಚೆಲುವರಾಜುವಿನ ಹೆಂಡತಿ ಒಮ್ಮೆ ಬಂದಳು,
ಏನೂ ಮಾತಾಡದೆ ಮೇಜಿನೆದುರು ನಿಂತು
ನನ್ನ ಚಪ್ಪಲಿ ನೋಡಿ ಹೋದಳು.
ಆ ಬಾಕಿ ಇನ್ನೂ ನನ್ನ ಹೆಸರಲ್ಲೇ ಇದೆ.

ಇನ್ನೊಂದು ದಿನ ಪೇಪರಿನಲ್ಲಿ
ಜೊತೆಗಿದ್ದ ಇಬ್ಬರು ಹುಡುಗರ ಸುದ್ದಿ.
ಓದಿ ಓದಿ ನಕ್ಕರು ಎಲ್ಲರೂ.
ನಾನೂ ನಕ್ಕೆ.
ಮೀನಿನ ಮುಳ್ಳು; ಅನ್ನದುಂಡೆ ನುಂಗಿದರೂ ಇಳಿಯಲಿಲ್ಲ.

ಒಂಟಿ ಹೆಣ್ಣು ಅಂದರೆ ಖಾಲಿ ಹೆಣ್ಣು, ಅಲ್ಲವೇ?
ಚುನಾವಣೆ ಡ್ಯೂಟಿಗೆ ಮೊದಲ ಹೆಸರು.
ಗೌರಿ ಹಬ್ಬದ ರಾತ್ರಿ ಕಂಟ್ರೋಲ್ ರೂಮು.
'ನಿಮಗೇನು ಮೇಡಂ, ಮನೇಲಿ ಯಾರು ಕಾಯ್ತಾರೆ?'

ಕಾಯುತ್ತಾರೆ.
ಸುಭಾಷನಗರದ ಮಹಡಿ ಮನೆಯಲ್ಲಿ,
ರಾತ್ರಿ ಪಾಳಿಯಿಂದ ಬಂದ ಮೈಗೆ ಇನ್ನೂ ಡೆಟಾಲಿನ ವಾಸನೆ,
ಒಲೆಯ ಮೇಲೆ ಹುರುಳಿಕಾಳಿನ ಬಸ್ಸಾರು,
ಮುದ್ದೆ ಆರದಂತೆ ಮುಚ್ಚಿದ ತಟ್ಟೆ.
ಓನರಮ್ಮನಿಗೆ ನಾವು ಅಕ್ಕ-ತಂಗಿ.
ತರಕಾರಿಯವನಿಗೆ ಚಿಕ್ಕಮ್ಮನ ಮಕ್ಕಳು.
ಗ್ಯಾಸ್ ಬುಕ್ಕಿಗೆ ನಾನೊಬ್ಬಳೇ.

'ನಮ್ಮನೆಯವರಿಗೆ ಶುಗರ್ ಜಾಸ್ತಿ' ಅನ್ನುತ್ತಾಳೆ ಚಂದ್ರಮ್ಮ.
'ನಮ್ಮನೆಯವರು ಬೈತಾರೆ ಕಣ್ರೀ' ಅನ್ನುತ್ತಾಳೆ ಲೋಲಾಕ್ಷಿ.
ಎಂಥ ಮಾತು ಅದು!
ಮೀಸೆ ಇಲ್ಲ, ಸೀರೆ ಇಲ್ಲ,
ಒಂದು ಮನೆ, ಒಂದು ಬಹುವಚನ.
ಇಷ್ಟು ದಿನ ಎದುರಿಗೇ ಇತ್ತು,
ಚಿಲಕ ಹಾಕದ ಕೋಣೆಯ ಹಾಗೆ.

ಮೊನ್ನೆ ವರ್ಗಾವಣೆ ಪಟ್ಟಿ ಬಂತು.
ಪತಿ-ಪತ್ನಿ ಪ್ರಕರಣದವರೆಲ್ಲ ಇದ್ದಲ್ಲೇ ಉಳಿದರು.
ನನಗೆ ನಾಗಮಂಗಲದ ಆಚೆ,
ಹೇಮಾವತಿ ನಾಲಾ ಉಪವಿಭಾಗ.
ಓದಿ ನಗು ಬಂತು.
ಯಾಕೆಂದು ಅವರಿಗೆ ಹೇಗೆ ತಿಳಿಯಬೇಕು?

ಸಾಹೇಬರ ಮುಂದೆ ನಿಂತೆ.
'ಆಗಲ್ಲ ಸಾರ್. ನಮ್ಮನೆಯವರಿಗೆ ಇಲ್ಲೇ ಕೆಲಸ.'
ಕೀಬೋರ್ಡಿನ ಮೇಲೆ ಲೋಲಾಕ್ಷಿಯ ಬೆರಳು ನಿಂತವು.
'ಓಹೋ! ಏನ್ಮಾಡ್ತಾರೆ?'
'ಮಿಮ್ಸ್ ಆಸ್ಪತ್ರೆ.'
'ಡಾಕ್ಟ್ರಾ?'
'ನರ್ಸು.'
ಗಂಡು ನರ್ಸುಗಳೂ ಇರುತ್ತಾರಲ್ಲ.
ಅವರ ಮುಖ ನನಗಾಗಿ ಒಂದು ಕಾಲುಸಂಕ ಹಾಕಿಕೊಡುತ್ತಿತ್ತು,
ದಾಟಿಬಿಡಬಹುದಿತ್ತು.
'ಹೆಸರು?'
'ಹೇಮಾವತಿ.'

ನಾಲೆ ಆಫೀಸಿನಲ್ಲಿ ದಿನಕ್ಕೆ ನೂರು ಸಲ ಬರುವ ಹೆಸರು.
ಇಷ್ಟು ಸದ್ದು ಮಾಡಿದ್ದು ಕೇಳಿರಲಿಲ್ಲ.
ಸಾಹೇಬರು ಪಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ
'ಇದಕ್ಕೆ ಕಾಲಂ ಇಲ್ಲವಲ್ಲಮ್ಮಾ' ಅಂದರು.
ಬೈಗುಳವಲ್ಲ. ನಿಜವಾಗಿ ಹುಡುಕುತ್ತಿದ್ದರು,
ಬೆರಳಿಟ್ಟು, ಎಡದಿಂದ ಬಲಕ್ಕೆ.

ಮಧ್ಯಾಹ್ನ ನನ್ನ ಉಪ್ಪಿನಕಾಯಿ ಯಾರೂ ಕೇಳಲಿಲ್ಲ.
ಚೆಲುವರಾಜು ಬಾಗಿಲಲ್ಲಿ ಒಂದು ಗಳಿಗೆ ನಿಂತು
ನಿಟ್ಟುಸಿರೋ ಏನೋ ಬಿಟ್ಟು ಹೋದ.
ನಾಲ್ಕು ಗಂಟೆಗೆ ಜವರೇಗೌಡರು
ಟೀ ಲೋಟ ಮೇಜಿಗಿಟ್ಟು, ತಲೆ ಎತ್ತದೆ,
'ಅಂತೂ ಬೀಗರೂಟ ಹಾಕಿಸ್ದೆ ತಪ್ಪಿಸ್ಕಂಡ್ರಿ' ಅಂದರು.

ಅದರಲ್ಲಿ ಕೊಂಕಿತ್ತೋ, ಉಪ್ಪಿನ ಋಣವಿತ್ತೋ,
ಲೋಟ ಬರಿದಾದರೂ ತಿಳಿಯಲಿಲ್ಲ.
ಆದೇಶ ಬ್ಯಾಗಿನಲ್ಲಿದೆ.
ಮೆಟ್ಟಿಲು ಹತ್ತುತ್ತಿದ್ದೇನೆ. ಮೇಲೆ ಕುಕ್ಕರ್ ಕೂಗುತ್ತಿದೆ.
ಯಾವುದನ್ನು ಮೊದಲು ಹೇಳಲಿ ಅವಳಿಗೆ,
ವರ್ಗವಾದದ್ದೋ, ಹೆಸರು ಹೇಳಿಬಂದದ್ದೋ?